ಎಕ್ಸ್ 1/9, ಪೋರ್ಷೆ 914, ಲೋಟಸ್ ಯುರೋಪಾ: ತಿರುವಿನ ರಸ್ತೆಗೆ ಯಾವುದು ಮೇಲು?

ಎಂಜಿನ್ ನಡುವಿನಲ್ಲಿರುವ ಹಳೆಯ ಸ್ಪೋರ್ಟ್ಸ್ ಕಾರುಗಳಾದ ಫಿಯೆಟ್ ಎಕ್ಸ್ 1/9, ಪೋರ್ಷೆ 914, ಲೋಟಸ್ ಯುರೋಪಾ ಇವುಗಳಲ್ಲಿ ತಿರುವಿನ ರಸ್ತೆಗೆ ಯಾವುದು ಒಳ್ಳೆಯದೆಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿಯವನು. ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದ ಆರು ವರ್ಷ ನನ್ನ ಬಳಿ 914 ಇತ್ತು. ಉಳಿದೆರಡನ್ನು ಗೆಳೆಯರಿಂದ ಪಡೆದು ಸಾಕಷ್ಟು ಓಡಿಸಿದ್ದೇನೆ. ನನ್ನ ಆಯ್ಕೆ ಎಕ್ಸ್ 1/9.

ಕೋಲಿನ ಎರಡು ತುದಿಗೂ ಅಡಿಕೆ ಗೊನೆ ಕಟ್ಟಿ ಹೆಗಲಿಗೇರಿಸಿದವನು ತೋಟದ ಸಂಕದ ಮೇಲೆ ಥಟ್ಟನೆ ತಿರುಗಲಾರ; ಅದೇ ಭಾರವನ್ನು ಎದೆಗವಚಿಕೊಂಡವನು ತಿರುಗಬಲ್ಲ. ಎಂಜಿನ್ ಎರಡು ಆಕ್ಸಲ್‌ಗಳ ನಡುವೆ ಇದ್ದಾಗ ಕಾರೂ ಹಾಗೆಯೇ ಸ್ಟಿಯರಿಂಗ್ ತಿರುಗಿಸಿದೊಡನೆ ಹೊರಳುತ್ತದೆ. ಆದರೆ ಹಿಂಬದಿ ಜಾರಿದರೆ ಅದೂ ಅಷ್ಟೇ ಬೇಗ ಸುತ್ತಿ ಬರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಭಾರ ಮುಂದಿನ ಚಕ್ರಗಳತ್ತ ಸರಿದು ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಚಾಲಕ ಹೀಗೆ ತಪ್ಪಿದಾಗ ತಿದ್ದಿಕೊಳ್ಳಲು ಎಷ್ಟು ಸಮಯ ಕೊಡುತ್ತದೆ ಎಂಬುದರಿಂದಲೇ ನಾನು ಇಂಥ ಕಾರನ್ನು ಅಳೆಯುತ್ತೇನೆ.

ಒಂದು ಮಳೆಯ ಸಂಜೆ, ಕಾಡಿನ ರಸ್ತೆಯ ಬಲ ತಿರುವಿನಲ್ಲಿ ಎದುರಿಗೆ ಲಾರಿ ಕಂಡು 914ರಲ್ಲಿ ನಾನೇ ಕಾಲೆತ್ತಿಬಿಟ್ಟೆ. ಸೊಂಟದ ಹಿಂದೆ ಏನೋ ಮೆಲ್ಲಗೆ ಎಡಕ್ಕೆ ಸರಿದ ಹಾಗಾಯಿತು. ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ ಕೊಟ್ಟು, ಮತ್ತೆ ಹಗುರವಾಗಿ ಆಕ್ಸಿಲರೇಟರ್ ಒತ್ತಿದಾಗ ಕಾರು ತನ್ನ ದಾರಿಗೆ ಬಂತು. ಮೂರರಲ್ಲಿ ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್ ಎಲ್ಲಕ್ಕಿಂತ ಉದ್ದ, 2450 ಮಿಲಿಮೀಟರ್. ಅಂದು ನನ್ನನ್ನು ಉಳಿಸಿದ್ದು ಬಹುಮಟ್ಟಿಗೆ ಆ ಉದ್ದವೇ ಎಂದು ನಂಬಿದ್ದೇನೆ. ಆದರೆ ಕಿರಿದಾದ ತಿರುವುಗಳಲ್ಲಿ ಅದೇ ಉದ್ದ ಸ್ವಲ್ಪ ಜಡವೆನಿಸುತ್ತದೆ.

1966ರಲ್ಲಿ ಬಂದ ಯುರೋಪಾ ಮೊದಲಿಗೆ ರೆನೋ 16ರ ಎಂಜಿನ್ ಹೊತ್ತಿದ್ದ, 700 ಕಿಲೋ ಕೂಡ ತೂಗದ ಕಾರು. ರಸ್ತೆಯ ಪ್ರತಿ ಉಬ್ಬುತಗ್ಗೂ ಅಂಗೈಗೆ ತಿಳಿಯುತ್ತದೆ, ಅಂಥ ಸ್ಟಿಯರಿಂಗ್ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಒದ್ದೆ ರಸ್ತೆಯಲ್ಲಿ ತಿದ್ದಿಕೊಳ್ಳಲು ಅದು ಹೆಚ್ಚು ಸಮಯ ಕೊಡಲಿಲ್ಲ.

1972ರ ಎಕ್ಸ್ 1/9ರಲ್ಲಿ ಮುಂಚಕ್ರ ಚಾಲನೆಯ ಫಿಯೆಟ್ 128ರ 1290 ಸಿಸಿ ಎಂಜಿನ್ನನ್ನೇ ತಂದು ಸೀಟಿನ ಹಿಂದೆ ಅಡ್ಡಲಾಗಿ ಕೂರಿಸಿದ್ದಾರೆ. ವೀಲ್‌ಬೇಸ್ 2202 ಮಿಲಿಮೀಟರ್ ಮಾತ್ರ, ಆದರೂ ಅದು ಗಾಬರಿಪಡಿಸುವುದಿಲ್ಲ. ಸುಮಾರು 75 ಅಶ್ವಶಕ್ತಿಗೆ ಹಿಂದಿನ ಚಕ್ರಗಳನ್ನು ಕೆರಳಿಸುವಷ್ಟು ಕಸುವಿಲ್ಲ. ಪೆಟ್ರೋಲ್ ಟ್ಯಾಂಕ್ ಮತ್ತು ಸ್ಟೆಪ್ನಿ ಎರಡೂ ಸೀಟುಗಳ ಬೆನ್ನಿಗೇ ಇರುವುದರಿಂದ ಟ್ಯಾಂಕ್ ಬರಿದಾದರೂ ಸಮತೋಲ ಹೆಚ್ಚು ಕದಲುವುದಿಲ್ಲ. ಲ್ಯಾಂಬೋರ್ಗಿನಿ ಮಿಯುರಾದಲ್ಲಿ ಟ್ಯಾಂಕ್ ಮುಂಭಾಗದಲ್ಲಿದ್ದು, ಅದು ಖಾಲಿಯಾದಂತೆ ವೇಗದಲ್ಲಿ ಮುಂಭಾಗ ಹಗುರವಾಗುತ್ತಿತ್ತು ಎಂಬುದನ್ನು ನೆನೆದರೆ ಈ ಜೋಡಣೆಯ ಜಾಣ್ಮೆ ಅರ್ಥವಾಗುತ್ತದೆ.

ಆಗುಂಬೆ ಘಾಟಿಯಲ್ಲಿ ಜೀಪು ಕಲಿಸುವಾಗ ಅಪ್ಪ, "ತಿರುವಿಗೆ ಮೊದಲೇ ಗೇರ್ ಇಳಿಸು, ಒಳಗೆ ಹೋದ ಮೇಲೆ ಕಾಲಾಡಿಸಬೇಡ" ಎನ್ನುತ್ತಿದ್ದರು. ಜೀಪಿಗಿಂತ ಈ ಕಾರುಗಳಿಗೇ ಆ ಮಾತು ಹೆಚ್ಚು ಒಪ್ಪುತ್ತದೆ. ಯಾವುದನ್ನೇ ಓಡಿಸಿ ನೋಡುವ ಮುನ್ನ ಹಿಂದಿನ ಟೈರಿನ ಪಕ್ಕದಲ್ಲಿ ತಯಾರಿಕೆಯ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿ ನೋಡಿಕೊಳ್ಳಿ. ಹತ್ತು ವರ್ಷ ಶೆಡ್ಡಿನಲ್ಲೇ ನಿಂತು ಗಟ್ಟಿಯಾದ ರಬ್ಬರಿನ ಮೇಲೆ ಈ ಮೂರರಲ್ಲಿ ಯಾವುದನ್ನೂ ತೂಗಿ ನೋಡಲಾಗದು.