ಅಡುಗೆ ಸಾಮಾನು ಅಟ್ಟ ಸೇರಿತು

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಅವರ ಐದು ವರ್ಷದ ಮಗನಿಗೆ ಬ್ಯಾಟು ಬಾಲು ಬೇಡ, ಅಕ್ಕನ ಅಡುಗೆ ಆಟದ ಸಾಮಾನೇ ಬೇಕು. ತಲೆಗೆ ವೇಲು ಕಟ್ಟಿಕೊಂಡು ‘ಇದು ನನ್ನ ಜಡೆ’ ಅನ್ನುತ್ತಾನೆ. ‘ಹೆಂಗಸರ ಮಧ್ಯೆ ಬೆಳೆಸಿ ಹುಡುಗನನ್ನು ಹಾಳು ಮಾಡಿದೆ’ ಎಂದು ಅತ್ತೆ ಆ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದಾರೆ. ‘ನಾನು ಬೆಳೆಸಿದ್ದೇ ತಪ್ಪಾಯಿತಾ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ತಂಗಿ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ.

ಬೆಳೆಸಿದ ಹಾಗೆ ಮಗು ಗಂಡೋ ಹೆಣ್ಣೋ ಆಗುತ್ತದೆ ಎಂದು ದೊಡ್ಡ ವಿದ್ವಾಂಸರೂ ನಂಬಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರಲ್ಲೊಬ್ಬರು. 1965ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಎಂಟು ತಿಂಗಳಿದ್ದಾಗ ಒಂದು ಮಗುವಿಗೆ ಮುಂದೊಗಲು ತೆಗೆಯಲು ಹೋಗಿ ಅಂಗವೇ ಸುಟ್ಟುಹೋಯಿತು. ಮನಿ ಅವರ ಸಲಹೆಯಂತೆ, ಎರಡು ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿ, ಬ್ರೆಂಡಾ ಎಂದು ಕರೆದು, ಹುಡುಗಿಯಾಗಿ ಬೆಳೆಸಿದರು. ಫ್ರಾಕು ತೊಡಿಸಿದರು, ಗೊಂಬೆ ಕೊಟ್ಟರು, ನಿಜ ಮುಚ್ಚಿಟ್ಟರು. ಎಲ್ಲ ಚೆನ್ನಾಗಿ ನಡೆದಿದೆ ಎಂದು ಮನಿ ಬರೆದರು. ಇತ್ತ ಆ ಮಗು ಫ್ರಾಕು ಕಿತ್ತೆಸೆಯುತ್ತಿತ್ತು. ಶಾಲೆಯಲ್ಲಿ ಒಂಟಿಯಾಗಿತ್ತು. 14ನೇ ವಯಸ್ಸಿನಲ್ಲಿ ಅಪ್ಪ ನಿಜ ಹೇಳಿದ ಮೇಲೆ ಡೇವಿಡ್ ಎಂದು ಹೆಸರಿಟ್ಟುಕೊಂಡು ಹುಡುಗನಾಗಿ ಬದುಕಿದರು. ನಡೆದ ಸಂಗತಿ ಪೂರ್ತಿ ಹೊರಬಂದದ್ದು 1997ರಲ್ಲಿ. 2004ರಲ್ಲಿ, 38 ವರ್ಷಕ್ಕೇ ಡೇವಿಡ್ ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಂತ ಎಲ್ಲವೂ ರಕ್ತದಲ್ಲೇ ಇದೆ ಎಂದೂ ಹೇಳಲಾಗದು. ಕೆಲವು ಹೆಣ್ಣುಮಕ್ಕಳಿಗೆ ಗರ್ಭದಲ್ಲಿದ್ದಾಗಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಗಂಡು ಹಾರ್ಮೋನು ಜಾಸ್ತಿ ಬರುತ್ತದೆ. ಅವರಿಗೆ ಕಾರು, ಲಾರಿ ಆಟ ಬೇರೆ ಹುಡುಗಿಯರಿಗಿಂತ ಹೆಚ್ಚು ಇಷ್ಟ. ಆದರೂ ಅವರಲ್ಲಿ ಹೆಚ್ಚಿನವರು ತಾವು ಹೆಣ್ಣು ಎಂದುಕೊಂಡೇ ಬೆಳೆಯುತ್ತಾರೆ. ಆಟದ ಇಷ್ಟ ಒಂದು, ‘ನಾನು ಯಾರು’ ಅನ್ನೋದು ಇನ್ನೊಂದು, ಅಲ್ವಾ?

ಇನ್ನು ಮನಸ್ಸಿನ ಪಾಲು. ಎರಡು ಮೂರು ವರ್ಷಕ್ಕೆ ಮಗು ತಾನು ಹುಡುಗ ಅಥವಾ ಹುಡುಗಿ ಎಂದು ಹೇಳತೊಡಗುತ್ತದೆ. ಆದರೆ ಬಟ್ಟೆ, ಕೂದಲು ಬದಲಾಯಿಸಿದರೆ ಹುಡುಗ ಹುಡುಗಿಯಾಗಿಬಿಡುತ್ತಾನೆ ಎಂದು ಎಷ್ಟೋ ಪುಟ್ಟ ಮಕ್ಕಳು ನಂಬಿರುತ್ತಾರೆ. ಹಾಗಾಗಿ ವೇಲಿನ ಜಡೆಗೆ ನೀವು ಸುಮ್ನೆ ಹೆದರಬೇಡಿ. ಯಾವುದು ಹುಡುಗರದು, ಯಾವುದು ಹುಡುಗಿಯರದು ಎಂದು ಮಕ್ಕಳು ನಮ್ಮ ಮಾತಿನಿಂದಲೇ ಕಲಿಯುತ್ತಾರೆ. ‘ಹೆಣ್ಣಿಗ’ ಎಂದು ಯಾರಾದರೂ ಅಂದರೆ ಅದೂ ಅವನ ಕಿವಿಗೆ ಬೀಳುತ್ತದೆ. ಆ ಮಾತಿಗೆ ಅವನ ಇಷ್ಟ ಹೋಗುವುದಿಲ್ಲ. ನಿಮ್ಮಿಂದ ಮುಚ್ಚಿಡುವುದನ್ನು ಕಲಿಯುತ್ತಾನೆ.

ಮುಂದೆ ಏನಾಗುತ್ತಾನೆ? ಐದು ವರ್ಷದ ಆಟ ನೋಡಿ ಹೇಳಲು ಬರುವುದಿಲ್ಲ. ವರ್ಷಗಟ್ಟಲೆ ‘ನಾನು ಹುಡುಗಿ’ ಎಂದೇ ಹೇಳುತ್ತಾ ಮಂಕಾದರೆ, ಗದರದೆ ಕೇಳಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗವಿದೆ. ಆಗಲೂ ‘ನಾನು ಹುಡುಗಿ’ ಅನ್ನುವ ಆ ಭಾವನೆಯನ್ನು ಕಾಯಿಲೆ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿಯಲ್ಲಿ ಅದನ್ನು ಮಾನಸಿಕ ಕಾಯಿಲೆಗಳಿಂದ ಹೊರಗಿಟ್ಟಿದೆ.

ಅತ್ತೆಯ ಮೇಲೆ ಸಿಟ್ಟಾಗಬೇಡಿ. ಮೊಮ್ಮಗನ ಚಿಂತೆಯಿಂದಲೇ ಹಾಗೆ ಮಾಡಿದ್ದಾರೆ. ಈ ಉತ್ತರವನ್ನು ಅವರಿಗೆ ಓದಿ ಹೇಳಿ. ಆಮೇಲೆ ಅಟ್ಟದಿಂದ ಸಾಮಾನು ಇಳಿಸಿ. ಅವನು ಮಾಡುವ ಮೊದಲ ಲೋಟ ಟೀ ಅಜ್ಜಿಗೇ ಕೊಡಲಿ.