‘ಸರ್ಟಿಫಿಕೇಟ್ ಬರೋವರೆಗೂ ಯಾರೂ ನನ್ನ ಕ್ಲಾಸ್ ನೋಡಬಾರದು’

ಹೊರದೇಶದಲ್ಲಿ ಪಿಎಚ್‌ಡಿ ಮಾಡುತ್ತ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸವನ್ನೂ ನಡೆಸುವ ನಮ್ಮ ಹುಡುಗ ಹುಡುಗಿಯರದು ಬಹುತೇಕ ಒಂದೇ ದೂರು. ವಿಶ್ವವಿದ್ಯಾಲಯದ ಬೋಧನಾ ಕೇಂದ್ರ ಕೊಡುವ ಬೋಧನಾ ಸರ್ಟಿಫಿಕೇಟಿಗೆ ಹೆಸರು ಕೊಟ್ಟು ಎರಡು ವರ್ಷವಾಯಿತು, ವರ್ಕ್‌ಶಾಪುಗಳೆಲ್ಲ ಮುಗಿದವು, ಸರ್ಟಿಫಿಕೇಟ್ ಮಾತ್ರ ಮುಗಿಯುತ್ತಿಲ್ಲ. ನನ್ನ ಬಳಿ ಸಲಹೆಗೆ ಬಂದ ಈ ಪ್ರಕರಣವೂ ಅಂಥದ್ದೇ. ಹೆಸರು, ಗುರುತು ಬದಲಿಸಿದ್ದೇನೆ. ಗಿರೀಶ ಅನ್ನೋಣ. ಕೆನಡಾದ ಒಂಟಾರಿಯೊದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಿಎಚ್‌ಡಿ, ಮೂರನೇ ವರ್ಷ. ಮೊದಲ ವರ್ಷದವರಿಗೆ ಸ್ಟ್ಯಾಟಿಕ್ಸ್ (ಅಲುಗದೆ ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ) ಟ್ಯುಟೋರಿಯಲ್, ವಾರಕ್ಕೆ 50 ನಿಮಿಷ.

ಈ ಸರ್ಟಿಫಿಕೇಟುಗಳ ರಚನೆ ಹೆಚ್ಚೂಕಡಿಮೆ ಎಲ್ಲೆಡೆ ಒಂದೇ: ಒಂದಷ್ಟು ವರ್ಕ್‌ಶಾಪು, ಸಹಪಾಠಿಗಳೆದುರು 10 ನಿಮಿಷದ ಸೂಕ್ಷ್ಮ ಬೋಧನೆ, ನಿಜವಾದ ತರಗತಿಯಲ್ಲಿ ಒಂದೋ ಎರಡೋ ವೀಕ್ಷಣೆ (ಕೇಂದ್ರದವರು ಹಿಂದೆ ಕೂತು ಪಾಠ ನೋಡುವುದು), ಕೊನೆಗೆ ಬೋಧನಾ ಡಾಸಿಯೆ, ಅಂದರೆ ತನ್ನ ಬೋಧನೆಯ ದಾಖಲೆಗಳ ಕಡತ. ಅಮೆರಿಕದಲ್ಲಿ 2003ರಲ್ಲಿ ವಿಸ್ಕಾನ್ಸಿನ್-ಮ್ಯಾಡಿಸನ್‌ನಿಂದ ಶುರುವಾದ ಸಿಐಆರ್‌ಟಿಎಲ್ ಎಂಬ ವಿಶ್ವವಿದ್ಯಾಲಯಗಳ ಜಾಲದಲ್ಲಿ ಅಸೋಸಿಯೇಟ್, ಪ್ರಾಕ್ಟೀಷನರ್, ಸ್ಕಾಲರ್ ಎಂದು ಮೂರು ಮೆಟ್ಟಿಲು ಮಾಡಿದ್ದಾರೆ. ಸಾಮಾನ್ಯವಾಗಿ ಇದಕ್ಕೆ ಹಾಕುವ ಗಂಟೆಗಳು ಟಿಎ ಸಂಬಳದ ಲೆಕ್ಕಕ್ಕೆ ಬರುವುದಿಲ್ಲ. ಒಪ್ಪಂದ ಓದಿಯೇ ಹೆಸರು ಕೊಡಿ. ಊರಿಗೆ ಮರಳಿ ಅಧ್ಯಾಪಕರಾಗುವ ಯೋಚನೆ ಇದ್ದವರು ತಿಳಿದಿರಲಿ, ಎನ್‌ಇಟಿ, ಕೆ-ಸೆಟ್ ಅರ್ಹತಾ ಪರೀಕ್ಷೆಗಳ ಜಾಗದಲ್ಲಿ ಇದು ನಿಲ್ಲುವುದಿಲ್ಲ.

ಗಿರೀಶನ ವರ್ಕ್‌ಶಾಪುಗಳಲ್ಲಿ ಒಂದು ಬಿಟ್ಟು ಎಲ್ಲವೂ ಆಗಿದ್ದವು. ಸೂಕ್ಷ್ಮ ಬೋಧನೆಗೆ ಎರಡು ಸಲ ಹೆಸರು ಕೊಟ್ಟು ಎರಡು ಸಲವೂ ವಾಪಸ್ ತೆಗೆದುಕೊಂಡಿದ್ದ. ವೀಕ್ಷಣೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಕಾರಣ ಕೇಳಿದರೆ ಮೊದಲ ಟರ್ಮಿನ ವಿದ್ಯಾರ್ಥಿ ಫೀಡ್‌ಬ್ಯಾಕ್ ಮುಂದಿಟ್ಟ: ‘ನನ್ನ ಇಂಗ್ಲಿಷ್ ಯಾರಿಗೂ ಅರ್ಥ ಆಗಲ್ಲ.’ ಪೂರ್ತಿ ಓದಿಸಿದೆ. ಟಿಪ್ಪಣಿಗಳಿದ್ದದ್ದು ಒಂಬತ್ತು. ಉಚ್ಚಾರಣೆಯ ಮಾತಿದ್ದದ್ದು ಒಂದರಲ್ಲಿ. ಬೋರ್ಡಿಗೆ ಮುಖ ಮಾಡಿ ಮಾತಾಡುತ್ತಾನೆ ಎಂಬುದು ನಾಲ್ಕರಲ್ಲಿ. ಆ ನಾಲ್ಕು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಮೂರನೇ ಭೇಟಿಯಲ್ಲಿ ಅವನ ಬಾಯಿಂದ ಬಂದ ಮಾತು: ‘ಸರ್ಟಿಫಿಕೇಟ್ ಕೈಗೆ ಬರೋವರೆಗೂ ಯಾರೂ ನನ್ನ ಕ್ಲಾಸ್ ನೋಡಬಾರದು, ಅಷ್ಟೇ.’

ಯಾರೂ ನೋಡದೆ ಸರ್ಟಿಫಿಕೇಟ್ ಕೈಗೆ ಬರುವುದಾದರೂ ಹೇಗೆ? ನಾನು ಕೇಳಲಿಲ್ಲ. ಅವನೇ ಅರ್ಧ ನಿಮಿಷ ಬಿಟ್ಟು ನಕ್ಕ. ಆಮೇಲೆ ಅಮ್ಮನ ಸುದ್ದಿ ತೆಗೆದ. ತಾಯಿ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಡಂ, ಅವರ ಕ್ಲಾಸಿನಲ್ಲೇ ಅವನೂ ಓದಿದ್ದು. ‘ಇನ್‌ಸ್ಪೆಕ್ಟ್ರು ಬರೋ ಹಿಂದಿನ ದಿನ ಅದೇ ಪಾಠ ಎರಡೆರಡು ಸಲ ಆಗೋದು. ಉತ್ತರ ಗೊತ್ತಿದ್ದೋರು ಬಲಗೈ ಎತ್ತಿ, ಗೊತ್ತಿಲ್ದೋರು ಎಡಗೈ ಎತ್ತಿ ಅಂತ ಹೇಳ್ಕೊಟ್ಟಿದ್ರು. ಅವ್ರು ಹಿಂದಿನ ಬೆಂಚಲ್ಲಿ ಕೂತು ಏನೋ ಬರ್ಕೊಂಡು ಹೋದ್ರೆ ಅವತ್ತು ರಾತ್ರಿ ಅಮ್ಮಂಗೆ ಊಟ ಸೇರ್ತಿರ್ಲಿಲ್ಲ.’

ಹಿಂದೆ ಕೂತು ಬರೆದುಕೊಳ್ಳುವವರೆಲ್ಲ ಅವನ ಲೆಕ್ಕದಲ್ಲಿ ಇನ್‌ಸ್ಪೆಕ್ಟರೇ. ಇದು ಅವನೊಬ್ಬನ ಕಥೆಯಲ್ಲ. ನಮ್ಮಲ್ಲಿ ತರಗತಿಗೆ ಹೊರಗಿನವರು ಬರುವುದೇ ತಪಾಸಣೆಗೆ. ತಿದ್ದುವುದಕ್ಕೆ ಬಂದವರನ್ನು ನಾವು ಕಂಡದ್ದು ಕಡಿಮೆ. ಬೋಧನಾ ಕೇಂದ್ರದವರು ಮಾಡುವ ವೀಕ್ಷಣೆ ಬೇರೆ ಜಾತಿಯದು: ವರದಿ ಸಾಮಾನ್ಯವಾಗಿ ಟಿಎ ಕೈಗಷ್ಟೇ ಬರುತ್ತದೆ. ಬಾಯಿಮಾತಿಗೆ ಬಿಡಬೇಡ ಎಂದು ಅವನಿಂದ ಇಮೇಲ್ ಹಾಕಿಸಿದೆ. ವರದಿ ಯಾರ ಕೈ ಸೇರುತ್ತದೆ, ವಿಭಾಗಕ್ಕೋ ಗೈಡ್‌ಗೋ ಪ್ರತಿ ಹೋಗುತ್ತದೆಯೇ, ಎಷ್ಟು ಕಾಲ ಇಟ್ಟಿರುತ್ತಾರೆ? ಉತ್ತರ ಬರವಣಿಗೆಯಲ್ಲಿ ಬಂದ ಮೇಲೆ ಅವನ ಭಯ ಅರ್ಧಕ್ಕಿಳಿಯಿತು.

ನನ್ನ ಸಲಹೆ ಇಷ್ಟು: ಉಳಿದ ವರ್ಕ್‌ಶಾಪ್ ಬದಿಗಿಡು, ಇದೇ ಟರ್ಮಿನಲ್ಲಿ ವೀಕ್ಷಣೆ ಮಾಡಿಸು. ಮೊದಲು ಆತಂಕ ಇಳಿಯಲಿ, ಆಮೇಲೆ ವೀಕ್ಷಣೆ ಎಂದು ಹೇಳಬೇಕಿತ್ತು ಅನ್ನುವವರಿದ್ದಾರೆ. ಎರಡು ವರ್ಷ ಅವನು ಮಾಡಿದ್ದು ಅದನ್ನೇ. ಪ್ರತಿ ವರ್ಕ್‌ಶಾಪೂ ವೀಕ್ಷಣೆಯನ್ನು ಇನ್ನೊಂದು ತಿಂಗಳು ಮುಂದೂಡುವ ಗೌರವಾನ್ವಿತ ನೆಪವಾಗಿತ್ತು. ತಪ್ಪಿಸಿಕೊಂಡಷ್ಟೂ ಬೆಳೆಯುವ ಭಯ ಅದು. ಹಾಗೆಂದು ನೇರ ನೀರಿಗೆ ತಳ್ಳಲೂ ಇಲ್ಲ.

ಮೊದಲು ಫೋನಿನಲ್ಲಿ ವಿಡಿಯೊ. ವಿದ್ಯಾರ್ಥಿಗಳಿಗೆ ಹೇಳಿ ಒಪ್ಪಿಗೆ ಪಡೆದು, ಕೋಣೆಯ ಹಿಂಬದಿಯಿಂದ ಬೋರ್ಡಿನ ಕಡೆಗೆ, ಅವರ ಮುಖ ಬೀಳದ ಹಾಗೆ. ನೋಡಬೇಕಾದ್ದು ಮೊದಲ 10 ನಿಮಿಷ, ಅದೂ ಧ್ವನಿ ಮುಚ್ಚಿ. ಸದ್ದಿದ್ದರೆ ತನ್ನ ಉಚ್ಚಾರಣೆಯನ್ನೇ ಕೇಳುತ್ತ ಕೂರುತ್ತಾನೆ; ಸದ್ದಿಲ್ಲದಿದ್ದರೆ ಬೆನ್ನು ಕಾಣುತ್ತದೆ. ಕಂಡಿತು: 10 ನಿಮಿಷದಲ್ಲಿ 7 ನಿಮಿಷ ಬೋರ್ಡಿಗೆ ಮುಖ.

ನಂತರ ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿ ಇಲ್ಲಿ ಬಿ.ಇಡಿ. ಓದಿದವರಿಗೆಲ್ಲ ಪರಿಚಿತ. ಕೆಡುವುದು ಗುರಿ ಹಿಗ್ಗಿದಾಗ. ‘ಸಮತೋಲನ ಅರ್ಥ ಮಾಡಿಸುವುದು’ ಎಂದು ಬರೆದಿದ್ದ. 10 ನಿಮಿಷಕ್ಕೆ ಅದು ಆಗದ ಮಾತು. ತಿದ್ದಿದ್ದು ಹೀಗೆ: ನುಣುಪು ಗೋಡೆಗೆ ಒರಗಿಸಿದ ಏಣಿಯ ಚಿತ್ರ ಕೊಟ್ಟರೆ ನಾಲ್ಕು ಬಲಗಳನ್ನೂ ಗುರುತಿಸಬೇಕು: ಏಣಿಯ ತೂಕ, ನೆಲದ ಲಂಬಬಲ, ನೆಲದ ಘರ್ಷಣೆ, ಗೋಡೆಯ ಲಂಬಬಲ. ಗೋಡೆಯ ಬಲವನ್ನು ಏಣಿಯ ಗುಂಟ ಎಳೆಯುವುದು ಹೊಸಬರ ಖಾಯಂ ತಪ್ಪು. ಹಾಗಾಗಿ ಪಾಠ ಶುರುವಾಗುವುದೇ ತಪ್ಪು ಚಿತ್ರದಿಂದ. ಏನು ತಪ್ಪಿದೆ ಎಂದು ಕೂತವರು ಹೇಳಬೇಕು, ಅವನು ಕಾಯಬೇಕು.

ಕಾಯುವುದೇ ಅವನಿಗೆ ಕಷ್ಟವಾದದ್ದು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು 1 ಸೆಕೆಂಡಷ್ಟೇ ಕಾಯುತ್ತಿದ್ದರು. 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು. ಗಿರೀಶ ‘ಎನಿ ಕ್ವೆಶ್ಚನ್ಸ್?’ ಎಂದು ಬೋರ್ಡಿಗೆ ಕೇಳಿ, ಬೋರ್ಡೇ ‘ಇಲ್ಲ’ ಎಂದು ಉತ್ತರಿಸಿದ ಹಾಗೆ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದ.

ವೀಕ್ಷಣೆ ಆದದ್ದು 12 ವಾರದ ಟರ್ಮಿನ 6ನೇ ವಾರ. ಇನ್ನೂ ಮುಂಚೆಯಾದರೆ ವಿದ್ಯಾರ್ಥಿಗಳ ಪರಿಚಯವಿರುವುದಿಲ್ಲ, ತಡವಾದರೆ ತಿದ್ದಿಕೊಳ್ಳಲು ತರಗತಿಯೇ ಉಳಿಯುವುದಿಲ್ಲ. ವೀಕ್ಷಕರ ಜೊತೆಗಿನ ಮುಂಗಡ ಭೇಟಿಯಲ್ಲಿ ಏನು ನೋಡಬೇಕೆಂದು ನೀನೇ ಹೇಳು ಎಂದಿದ್ದೆ. ‘ಸುಮ್ಮನೆ ನೋಡಿ’ ಅಂದರೆ ಬರುವುದು ಸುಮ್ಮನೆ ಹೊಗಳಿಕೆ. ಅವನು ಎರಡು ಕೇಳಿದ: ಪ್ರಶ್ನೆಯ ನಂತರ ಎಷ್ಟು ಸೆಕೆಂಡ್ ಕಾಯುತ್ತೇನೆ, ನನ್ನ ಮಾತು ಎಲ್ಲಿ ಕೇಳಿಸುವುದಿಲ್ಲ. ಬಂದ ಉತ್ತರ: ಕಾಯುವುದು 2 ಸೆಕೆಂಡ್, ಮಾತು ಕೇಳಿಸದೇ ಹೋದದ್ದೆಲ್ಲ ಬೆನ್ನು ತಿರುಗಿದ್ದಾಗಲೇ.

ಗೈಡ್‌ಗೆ ಸಂಶೋಧನೆಯ ಸಮಯ ಹಾಳು ಎಂಬ ಅಸಮಾಧಾನ ಇತ್ತು. ವಾರಕ್ಕೆ 2 ಗಂಟೆ, ಟರ್ಮ್ ಮುಗಿಯುವವರೆಗೆ ಎಂದು ಮೊದಲೇ ಲೆಕ್ಕ ಕೊಟ್ಟದ್ದರಿಂದ ಮಾತು ಬೆಳೆಯಲಿಲ್ಲ. ನಮ್ಮಲ್ಲೂ ಈ ಪ್ರಶ್ನೆ ಬರಲಿದೆ: ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಸಂಶೋಧಕರೆಲ್ಲರಿಗೂ ಬೋಧನಾ ತರಬೇತಿ ಬೇಕೆನ್ನುತ್ತದೆ, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸ ಕೊಡಬಹುದು ಎನ್ನುತ್ತದೆ. ಆ ಟ್ಯುಟೋರಿಯಲ್ ಹಿಂದೆ ಕೂತು ನೋಡುವವರು ಯಾರು ಎಂಬುದು ಬೇರೆ ಮಾತು.

ಕಳೆದ ಟರ್ಮಿನ ಫೀಡ್‌ಬ್ಯಾಕಿನಲ್ಲೂ ಉಚ್ಚಾರಣೆಯ ಒಂದು ಸಾಲು ಬಂದಿದೆ. ಡಾಸಿಯೆಯಲ್ಲಿ ಅದನ್ನು ಬಿಟ್ಟುಬಿಡಲೇ ಎಂದು ಕೇಳಿದ. ಹಾಕು ಎಂದೆ, ಪಕ್ಕದಲ್ಲಿ ವೀಕ್ಷಣೆಯ ವರದಿಯ 2 ಸೆಕೆಂಡನ್ನೂ, ಈಗಿನ 4 ಸೆಕೆಂಡನ್ನೂ ಬರಿ. ಕರಡು ಇನ್ನೂ ಕಳಿಸಿಲ್ಲ.