ಎಕ್ಸ್-ಮ್ಯಾಕ್ಸ್ ಟ್ರಕ್ಕಿಗೆ ಹಳೆಯ ಬ್ಯಾಟರಿ ಹಾಕಬಹುದೇ?

ಟ್ರ್ಯಾಕ್ಸಾಸ್ ಕಂಪನಿಯ ಎಕ್ಸ್-ಮ್ಯಾಕ್ಸ್ ಎಂಬ ರಿಮೋಟ್ ಕಂಟ್ರೋಲ್ ಟ್ರಕ್ಕಿಗೆ ಹೊಸ 4ಎಸ್ ಲಿಪೋ (ನಾಲ್ಕು ಸೆಲ್ಲುಗಳ ಲಿಥಿಯಂ ಪಾಲಿಮರ್) ಬ್ಯಾಟರಿ ಒಂದನ್ನೇ ಕೊಂಡು, ಇನ್ನೊಂದರ ಜಾಗಕ್ಕೆ ತಮ್ಮಲ್ಲಿರುವ ಹಳೆಯ 4ಎಸ್ ಬ್ಯಾಟರಿಯನ್ನು ಹಾಕಬಹುದೇ ಎಂದು ಕೇಳಿದ್ದೀರಿ. ಬೇಡವೆಂದೇ ನನ್ನ ಸಲಹೆ. ಇದರ ಎರಡು ಬ್ಯಾಟರಿಗಳು ಸರಣಿಯಲ್ಲಿ ಸೇರಿ, ತಲಾ 14.8ರಂತೆ ಒಟ್ಟು 29.6 ವೋಲ್ಟ್ ಕೊಡುತ್ತವೆ. ಎರಡರಲ್ಲೂ ಹರಿಯುವ ಕರೆಂಟು ಒಂದೇ ಆದ್ದರಿಂದ, ಸೊರಗಿದ ಹಳೆಯದು ಮೊದಲು ಬರಿದಾಗಿ, ಅದರ ಸೆಲ್ಲುಗಳು ಹಾಳಾಗುವ ಮಟ್ಟಕ್ಕೆ, ಅಂದರೆ 3 ವೋಲ್ಟಿಗಿಂತ ಕೆಳಗೆ, ಇಳಿದ ಮೇಲೂ ಟ್ರಕ್ಕು ಓಡುತ್ತಲೇ ಇರಬಹುದು. ನಾನು ಒಮ್ಮೆ ಹೀಗೆ ಜಿಪುಣತನ ಮಾಡಿದಾಗ ಹಳೆಯ ಬ್ಯಾಟರಿ ಪೂರಿಯಂತೆ ಉಬ್ಬಿ, ಅದನ್ನು ಟ್ರೇಯಿಂದ ಹೊರತೆಗೆಯುವುದೇ ಕಷ್ಟವಾಯಿತು. ಬ್ಯಾಟರಿ ಖರ್ಚಿನ ಬಗ್ಗೆ ಹವ್ಯಾಸಿಗಳು ಗೊಣಗುವುದು ನ್ಯಾಯವೇ. ಆದರೂ ಒಂದೇ ಸಾಮರ್ಥ್ಯದ, ಒಟ್ಟಿಗೆ ಕೊಂಡ ಜೋಡಿಯನ್ನೇ ಬಳಸಿ, ಓಡಿಸದ ದಿನಗಳಲ್ಲಿ ಪ್ರತಿ ಸೆಲ್ಲನ್ನೂ ಸುಮಾರು 3.8 ವೋಲ್ಟಿನಲ್ಲಿ ಇಡಿ.